ಮನಿಅಳಿಯನಾಗಿ ಕುಂತ ಎಡಗೈ

ಅಲ್ಲಲ್ಲ, ಕೈ ಮೊದಲಲ್ಲ, ಹೆಬ್ಬಟ್ಟು ಮೊದಲು. ನಮ್ಮಪ್ಪನ ಎಡಗೈ ಹೆಬ್ಬಟ್ಟು. ಅದೊಂದ ಕುಣೀತಿತ್ತು, ಉಳಿದ ಬಟ್ಟು ಸುಮ್ಮನ ಬಿದ್ದಿರ್ತಿದ್ವು. ಈಗ ನೀವು ಕೊಪ್ಪಳದ ಬಸ್ ಸ್ಟ್ಯಾಂಡಿನ್ಯಾಗ ನೋಡಿ ಬಂದ್ರಲ್ಲ, ಯಾವನೋ ಮನಷ್ಯಾ ಬಿದ್ದು ಕೈಕಾಲು ಬಡದಾಗ ಮಂದಿ ಎಲ್ಲಾ ಕೀಲಿಕೈ ಹುಡುಕಾಕ ಹತ್ತಿದ್ರು, ಒಬ್ಬಾಂವ ಚಪ್ಪಲಿ ಮೂಗಿಗೆ ಹಿಡದ ಅಂತ, ಅದನ್ನ ಕೇಳಿ ನನಗ ನಮ್ಮಪ್ಪ ನೆನಪಾದ. ಅದಕ್ಕ ಕೇಳಿದೆ, ಆ ಬಿದ್ದಾಂವಗ ಎಲ್ಲಿಂದ ಸುರು ಆತು ಅಂತ. ನೀವು ನಕ್ರಿ. ಆಯಿಗೆ ಏನರ ಒಂದು ಕೇಳೂ ಚಟ ಅಂದ್ರಿ. ನಗ್ರಿ, ನಗಬ್ಯಾಡ ಅಂದ್ರ ಬಿಡ್ತೀರೇನು. ಆದ್ರ ಆ ಒಂದು ಮಾತಿನ ಮ್ಯಾಲ ನನ್ನ ಮದವಿ ನಿಂತಿತ್ತು, ಗೊತ್ತನು? ಎಲ್ಲಿಂದ ಸುರು ಆತು ಅನ್ನೂ ಮಾತಿನ ಮ್ಯಾಲ. ಆ ಮದವಿ ಮುರದಿದ್ರ ನಿಮ್ಮಜ್ಜ ಬ್ಯಾರೆ ಮನಿಗೆ ಹೋಗ್ತಿದ್ದ, ನೀವು ಇಲ್ಲಿ ಕುಂತು ಶೇಂಗಾ ತಿಂತಿದ್ದಿಲ್ಲ. ಸಿಪ್ಪಿ ಅಲ್ಲಿ ಒಗಿಬ್ಯಾಡಲೇ, ಬುಟ್ಟ್ಯಾಗ ಹಾಕು.

ನಮ್ಮ ತವರಮನಿ ಬೇವೂರ ಹತ್ರ ಒಂದು ಸಣ್ಣ ಊರು. ಯಲಬುರ್ಗಿ ಸೀಮಿ, ಬರೇ ಮಳಿ ನಂಬಿದ ಹೊಲ, ಸಜ್ಜಿ, ನವಣಿ, ಆದ್ರ ಜ್ವಾಳ. ನಾವು ಹಾಲುಮತದವರು. ಕುರಿ ಇದ್ದವ್ರು ಕುರಿ ಕಾಯ್ತಿದ್ರು, ಮಗ್ಗ ಇದ್ದವ್ರು ಕಂಬಳಿ ನೇಯ್ತಿದ್ರು. ನಮ್ಮಪ್ಪಂದು ಮಗ್ಗ. ಪಡಸಾಲ್ಯಾಗ ಕುಣಿ ತೋಡಿ ಅದರಾಗ ಕಾಲು ಇಳಿಬಿಟ್ಟು ಕುಂಡ್ರತಿದ್ದ, ಎದುರಿಗೆ ಹಾಸಿನ ಎಳಿ ಬಿಗದಿರ್ತಿತ್ತು, ಬಲಗೈಲೆ ಲಾಳಿ ಒಗದಾ ಅಂದ್ರ ಎಡಗೈ ಹಿಡೀತಿತ್ತು, ಎಡಗೈ ಒಗದ್ರ ಬಲಗೈ ಹಿಡೀತಿತ್ತು. ಹೆಣ್ಮಕ್ಳು ಉಣ್ಣಿ ಹಿಂಜಬೇಕು, ನೂಲಬೇಕು, ಹುಣಸಿಬೀಜದ ಗಂಜಿ ಕಾಸಿ ಹಾಸಿನ ಎಳಿಗೆ ಬಳಿಬೇಕು. ಮಗ್ಗದ ಕುಣ್ಯಾಗ ಮಾತ್ರ ನಮ್ಮನಿ ಹೆಣ್ಮಕ್ಳು ಇಳೀತಿದ್ದಿಲ್ಲ. ಯಾಕ ಅಂದ್ರ ಯಾಕ? ಇಳೀತಿದ್ದಿಲ್ಲ, ಅಷ್ಟ. ಅದು ಗಂಡಸೂರು ಕುಂಡ್ರೂ ಜಾಗಾ ಅಂತಿದ್ಲು ನಮ್ಮವ್ವ. ಆಗ ದೊಡ್ಡ ಲಡಾಯಿ ನಡದಿತ್ತು, ಎಲ್ಲಿ ನಡದಿತ್ತೋ ನಾವೇನು ಕಂಡಿದ್ವಿ, ಆದ್ರ ಲಡಾಯಿ ಅಲ್ಲಿ ನಡದ್ರ ಉಪವಾಸ ಇಲ್ಲಿ. ಸಕ್ರಿ ಇಲ್ಲ, ಚಿಮಣಿ ಎಣ್ಣಿ ಇಲ್ಲ, ಬೆಳದ ಜ್ವಾಳಾನ ಲೆವಿ ಅಂತ ಹೇಳಿ ನಿಜಾಮನ ಸರಕಾರದವರು ಅಳಕೊಂಡು ಹೋಗ್ತಿದ್ರು. ನಮ್ಮೂರು ಆಗ ಹೈದರಾಬಾದಿಗೆ ಸೇರಿತ್ತಲ್ಲ. ಕಂಬಳಿಗೆ ಮಾತ್ರ ಕಿಮ್ಮತ್ತು ಬಂದಿತ್ತು, ಸಿಪಾಯಿಗಳಿಗೆ ಹೊಚ್ಚಾಕ ಬೇಕು ಅಂತ ವ್ಯಾಪಾರಿಗಳು ಮನಿಬಾಗಲಿಗೆ ಬರೋರು. ಅಪ್ಪ ನಕ್ಕೋಂತ ಅಂತಿದ್ದ, ನಾ ನೇಯ್ದಿದ್ದು ನನಗಿಂತ ದೂರ ಹೊಕ್ಕೈತಿ ಅಂತ.

ಆಗ ನನಗ ಹುಲಿಗಿ ಹತ್ರದ ಊರಾಗ ಗಂಡು ಗೊತ್ತಾಗಿತ್ತು. ವೀಳ್ಯೆ ಶಾಸ್ತ್ರ ಆಗಿತ್ತು, ಸುಗ್ಗಿ ಮುಗದ ಮ್ಯಾಲ ಮದವಿ. ನಮ್ಮೊಳಗ ಮದವಿ ಅಂದ್ರ ಕಂಬಳಿ ಗದ್ದಿಗಿ ಆಗಬೇಕು. ಕರೀ ಕಂಬಳಿ ಹಾಸಿ, ಅದರ ಮ್ಯಾಲ ಅರಿಷಿಣದ ಭಂಡಾರ ಹಾಕಿ, ಕಳಸ ಇಟ್ಟು, ಅದರ ಮುಂದನ ಎಲ್ಲಾ ನಡೀಬೇಕು. ಅಪ್ಪ ವ್ಯಾಪಾರಿಗಳ ಕಂಬಳಿ ಬದಿಗಿಟ್ಟು ನನ್ನ ಗದ್ದಿಗಿ ಕಂಬಳಿ ಮಗ್ಗಕ್ಕ ಹಾಕಿದ. ಕರೀ ಕುರಿ ಉಣ್ಣಿ, ಬಣ್ಣ ಹಾಕಿದ್ದಲ್ಲ, ಹುಟ್ಟಾ ಕರದು. ಅರ್ಧ ಆಗಿತ್ತು. ಅರ್ಧಕ್ಕ ಸ್ವಲ್ಪ ಹೆಚ್ಚಿಗಿನ ಆಗಿತ್ತು. ಒಂದಿನ ಮುಂಜಾನಿ ಅಪ್ಪ ಲಾಳಿ ಒಗದ, ಎಡಗೈ ಹಿಡೀಲಿಲ್ಲ. ಲಾಳಿ ನೆಲಕ್ಕ ಬಿತ್ತು. "ಏನಲೇ ಇದು" ಅಂತ ಕೈ ನೋಡಿಕೊಂಡ. ಮತ್ತ ಎದ್ದು ನಿಲ್ಲಾಕ ಹೋದ, ಎಡಗಾಲು ಬರಲಿಲ್ಲ. ಬಾಯಿ ಒಂದು ಕಡೆ ಸೊಟ್ಟಾತು. ಲಕ್ವಾ ಹೊಡೀತು.

ಲಕ್ವಾ ಅಂದ್ರ ನಮ್ಮೂರಾಗ ಯಾರಿಗೂ ಹೊಸಾದಲ್ಲ. ಪಾರಿವಾಳದ ರಕ್ತ ಹಚ್ಚಿದ್ರು, ಎಣ್ಣಿ ತಿಕ್ಕಿದ್ರು. ಹನುಮಪ್ಪ ಕಾಕಾ, ನಮ್ಮಪ್ಪನ ತಮ್ಮ, ದಿನಾ ಬಂದು ಎತ್ತಿ ಕುಂಡ್ರಸ್ತಿದ್ದ. ಬಾಯಿ ಜಲ್ದಿ ನೆಟ್ಟಗಾತು, ಮಾತು ಬಂತು, ಕೋಲು ಹಿಡದು ಕಾಲು ಎಳಕೋಂತ ಬಾಗಲ ತನಕ ಹೋಗಾಕ ಬಂತು. ಕೈ ಮಾತ್ರ ಬರಲಿಲ್ಲ. ತೊಡಿ ಮ್ಯಾಲ ಇಟ್ರ ಅಲ್ಲೇ, ಜಾರಿದ್ರ ಜಾರಿದಲ್ಲೇ. ಅಪ್ಪ ಅದಕ್ಕೊಂದು ಹೆಸರು ಇಟ್ಟ. ಮನಿಅಳಿಯ. "ನೋಡು, ದುಡಿಯಾಂಗಿಲ್ಲ, ದುಃಖ ಪಡಾಂಗಿಲ್ಲ, ಮಾವನ ಮಗ್ಗಲದಾಗ ಕುಂತಾನ, ಅವನ್ನ ನಾನ ತೊಳಿಬೇಕು, ನಾನ ಹೊಚ್ಚಬೇಕು" ಅಂತಿದ್ದ. ಉಣ್ಣಾಕ ಕುಂತಾಗ ಬಲಗೈಲೆ ಎಡಗೈ ಎತ್ತಿ ಗಂಗಾಳದ ಬಾಜೂಕ ಇಟ್ಟು "ಬರ್ರಿ ಅಳಿಯಂದಿರ, ಊಟಕ್ಕ" ಅಂತಿದ್ದ. ಅವ್ವ ಸೆರಗು ಬಾಯಿಗೆ ಹಚ್ಚಿ ನಗಾಕೂ ಆಗದ ಅಳಾಕೂ ಆಗದ ಒಳಗ ಹೋಗ್ತಿದ್ಲು. ಗದ್ದಿಗಿ ಕಂಬಳಿ ಮಗ್ಗದ ಮ್ಯಾಲ ಹಾಂಗ ನಿಂತಿತ್ತು, ಧೂಳು ಕುಂಡ್ರಬಾರದು ಅಂತ ಅದಕ್ಕೊಂದು ಹಳೀ ಸೀರಿ ಮುಚ್ಚಿದ್ವಿ.

ಸುಗ್ಗಿ ಬಂತು, ಹೋತು. ಗಂಡಿನ ಕಡೆಯವ್ರು ಹೇಳಿ ಕಳಿಸಿದ್ರು, ಬೀಗರು ಆರಾಮ ಆಗಲಿ, ಮುಂದಿನ ವರ್ಷ ಮಾಡೂಣು ಅಂತ. ಛಲೋ ಮಂದಿ. ಮತ್ತ ಮಳಿಗಾಲ ಸುರುವಾದ ಮ್ಯಾಲ ಒಂದಿನ, ನಾ ಅಪ್ಪನ ಎದುರಿಗೆ ಕುಂತು ಉಣ್ಣಿ ಹಿಂಜಾಕ ಹತ್ತಿದ್ದೆ, ಹಿಂಜುತಾ ಹಿಂಜುತಾ ನೋಡ್ತೀನಿ, ಅಪ್ಪನ ಎಡಗೈ ಹೆಬ್ಬಟ್ಟು ಕುಣ್ಯಾಕ ಹತ್ತೈತಿ! ಟಕ್ ಟಕ್ ಟಕ್ ಅಂತ, ಒಂದ ಸಮಾ. "ಯಪ್ಪಾ, ನಿನ್ನ ಕೈ!" ಅಂದೆ. ಅಪ್ಪ ನೋಡಿದ. "ಯವ್ವಾ ನೀಲವ್ವಾ, ಮನಿಅಳಿಯ ಎದ್ದಾನ!" ಅಂತ ನನ್ನ ಹೆಸರು ಹಿಡದು ಕೂಗಿದ. ಅವ್ವ ಒಲಿ ಮುಂದಿನಿಂದ ಓಡಿ ಬಂದ್ಲು. ಅಷ್ಟರಾಗ ಉಳಿದ ಬಟ್ಟೂ ಕುಣ್ಯಾಕ ಹತ್ತಿದ್ವು, ಮತ್ತ ನಿಂತು ಬಿಟ್ವು. ಅವ್ವ ದೇವರ ಮುಂದ ದೀಪ ಹಚ್ಚಿದ್ಲು. ಎಣ್ಣಿ ಇಲ್ಲದ ಕಾಲ, ಆದ್ರೂ ಹಚ್ಚಿದ್ಲು. ಓಣ್ಯಾಗ ಎಲ್ಲಾರಿಗೂ ಬೆಲ್ಲ ಹಂಚಿದ್ವಿ. ಕೈಗೆ ಜೀವ ಬಂತು ಅಂತ.

ನಿಮಗ ಈಗ ತಿಳೀತೈತಿ, ಅದು ಜೀವ ಬಂದಿದ್ದಲ್ಲ ಅಂತ. ನಮಗ ಹ್ಯಾಂಗ ತಿಳೀಬೇಕು? ಸತ್ತಾಂಗ ಬಿದ್ದ ಕೈ ಅಲಗ್ಯಾಡಿದ್ರ ಯಾರರ ಅಳ್ತಾರೇನು? ಹನುಮಪ್ಪ ಕಾಕಾ ಬಂದು ನೋಡಿದ, ಅಷ್ಟೊತ್ತಿಗೆ ಮತ್ತೊಮ್ಮೆ ಕುಣೀತು, ಕಾಕಾ ಚಪ್ಪಾಳಿ ಹೊಡದ. "ಯಣ್ಣಾ, ಇದು ಸುಮ್ಮನ ಕುಣಿಯಾಕ ಹತ್ತಿಲ್ಲೋ, ಲಾಳಿ ಕೇಳಾಕ ಹತ್ತೈತಿ! ನೋಡು ಅದರ ಲಯಾ! ಕೈಗೆ ತನ್ನ ಕಸುಬು ನೆನಪಾಗೈತಿ. ಮಗ್ಗದಾಗ ಕುಂಡ್ರಸೂಣು, ಉಳದಿದ್ದು ತಾನ ನೆನಪಾಗ್ತೈತಿ." ಅಪ್ಪಗೂ ಖರೆ ಅನಿಸ್ತು. ನನಗೂ ಅನಿಸ್ತು. ಎಲ್ಲಾರೂ ಕೂಡಿ ಅಪ್ಪನ್ನ ಎತ್ತಿ ಕುಣ್ಯಾಗ ಇಳಿಸಿದ್ವಿ. ಅವ್ವ ಮುಚ್ಚಿದ ಸೀರಿ ತಗದ್ಲು. ಕಾಕಾ ಎಡಗೈ ಹಾಸಿನ ಮ್ಯಾಲ ಇಟ್ಟು, ಅಂಗೈಯಾಗ ಲಾಳಿ ಇಟ್ಟ. ಎಲ್ಲಾರೂ ನೋಡಾಕ ಹತ್ತಿದ್ವಿ, ಈಗ ಒಗೀತೈತಿ, ಈಗ ಒಗೀತೈತಿ ಅಂತ. ಹೆಬ್ಬಟ್ಟು ಸುರು ಆತು. ಬಟ್ಟು ಆತು. ಮಣಿಕಟ್ಟು ಆತು. ಕಾಕಾ "ಹಾಂ, ಹಾಂ, ಬಂತು, ಬಂತು!" ಅನ್ನಾಕ ಹತ್ತಿದ. ಲಾಳಿ ಹಾರಿ ಹೋಗಿ ಗ್ವಾಡಿಗೆ ಬಡೀತು. ಆಮ್ಯಾಲ ಮೊಣಕೈ, ಆಮ್ಯಾಲ ತುಟಿ ಎಡಕ್ಕ ಎಳೀತು, ಕಣ್ಣು ಎಡಕ್ಕ ತಿರುಗಿದ್ವು, ಕುತ್ತಿಗಿ ತಿರುಗಿತು, ಮತ್ತ ಅಪ್ಪ ಪೂರ್ತಿ ಮೈ ಬಡಿಯಾಕ ಹತ್ತಿದ. ಕಾಲು ಕೆಳಗಿನ ತುಳಿಯೂ ಕೋಲಿನ್ಯಾಗ ಸಿಗಬಿದ್ವು, ಕೈ ಹಾಸಿನ ಮ್ಯಾಲ ಬಡದು ಎಳಿ ಪಟಪಟ ಹರದ್ವು, ಬಾಯಾಗ ನೊರಿ. ಎತ್ತಬೇಕಂದ್ರ ಕುಣ್ಯಾಗ ಇಬ್ಬರಿಗೆ ಜಾಗಾ ಇಲ್ಲ. ಅವ್ವ ಬಾಯಿ ಬಾಯಿ ಬಡಕೊಂಡ್ಲು. ನನಗ ಇಷ್ಟ ನೆನಪೈತಿ, ಕಾಕಾ ಇನ್ನೂ "ಬಂತು ಬಂತು" ಅನ್ನಾಕನ ಹತ್ತಿದ್ದ, ಬಾಯಿಗೆ ಬ್ಯಾರೆ ಮಾತು ಸಿಗದ.

ಮನಿ ಮುಂದ ಮಂದಿ ಕೂಡಿತು. ಯಾರೋ ಕೀಲಿಕೈ ತಂದು ಕೈಯಾಗ ತುರುಕಿದ್ರು, ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡದ್ರು. ತಾನ ನಿಂತಿತು. ಅಪ್ಪ ನಿದ್ದಿ ಹೋದ್ಹಾಂಗ ಬಿದ್ದ. ಎದ್ದ ಮ್ಯಾಲ ಕೈ ಮೊದಲಿಗಿಂತ ಹೆಚ್ಚ ಜೋತು ಬಿದ್ದಿತ್ತು. "ಅಳಿಯ ದಣದಾನ" ಅಂದ, ಮತ್ತ ಹರದ ಎಳಿ ನೋಡಿದ. ಅವತ್ತ ಸಂಜಿಗೆ ಊರಾಗ ಮಾತು ಹುಟ್ಟಿತು. ಆ ಮನ್ಯಾಗ ಮಲರೋಗ ಐತಿ. ಮಲರೋಗ ಅಂದ್ರ ಮೂರ್ಛಿ ರೋಗ, ಈಗ ಫಿಟ್ಸ್ ಅಂತೀರಲ್ಲ, ಅದು. ಲಕ್ವಾ ಅಂದ್ರ ಅಯ್ಯೋ ಪಾಪ ಅಂತಿದ್ರು. ಮಲರೋಗ ಅಂದ್ರ ಹಾಂಗಲ್ಲ. ಅದು ರಕ್ತದಾಗ ಬರ್ತೈತಿ, ಅಪ್ಪಗ ಇದ್ರ ಮಗಳಿಗೆ, ಮಗಳಿಗೆ ಇದ್ರ ಮೊಮ್ಮಕ್ಕಳಿಗೆ, ಆ ಮನಿ ಹೆಣ್ಣು ತರಬಾರದು ಅಂತ ಅವರ ತಿಳುವಳಿಕಿ. ನನಗೊಂದ ಅಲ್ಲ, ನನ್ನ ಹಿಂದ ಒಬ್ಬಾಕಿ ತಂಗಿ ಇದ್ಲು, ಅಕಿಗೂ ಬಾಗಲಾ ಮುಚ್ಚಿದ್ಹಾಂಗ. ಆ ಮಾತು ಹುಲಿಗಿ ಕಡೆ ಹೋಗಾಕ ಎಷ್ಟು ಹೊತ್ತು? ಹುಣ್ಣಿವಿಗೆ ಹುಲಿಗಿ ದೇವಿ ಗುಡಿಗೆ ಹೋಗೂ ಮಂದಿ ಬಾಯಾಗ ಹೋತು.

ಅವ್ವ ಅಂದ್ಲು, ಗದ್ದಿಗಿ ಕಂಬಳಿ ಅರ್ಧಕ್ಕ ನಿಂತೈತಿ, ಅದಕ್ಕ ದೇವಿ ಸಿಟ್ಟಾಗ್ಯಾಳ. ಹರಕಿ ಹೊತ್ಲು. ಅಪ್ಪಗ ಮಂಗಳವಾರ, ಶುಕ್ರವಾರ ಉಪವಾಸ ಅಂತ ಮಾಡಿದ್ಲು. ಕಾಕಾಗ ಬ್ಯಾರೆ ಹೊಳೀತು, ಚುಟಿಗಿ ಹಾಕಿಸಬೇಕು, ಕಬ್ಬಣ ಕಾಸಿ ತಲಿಗೆ ಬರಿ ಎಳದ್ರ ಹೊಕ್ಕೈತಿ ಅಂತ. ಅಪ್ಪ ಅಂದ, "ನನ್ನ ಬೀಳಿಸಿದಾಂವ ಅಳಿಯ, ಬರಿ ಮಾವಗ್ಯಾಕೋ? ಹಾಕಿದ್ರ ಅವಗ ಹಾಕು." ಕಾಕಾ ಚುಟಿಗಿ ಮಾತು ಬಿಟ್ಟ. ನಾ ಮಾತ್ರ ಆ ಮಾತು ಹಿಡಕೊಂಡೆ ನೋಡ್ರಿ. ಬೀಳಿಸಿದಾಂವ ಅಳಿಯ. ಖರೇನ, ಪ್ರತಿ ಸಲ ಸುರು ಆಗೂದು ಅಲ್ಲೇನಾ? ಇಲ್ಲಾ ಒಮ್ಮೊಮ್ಮೆ ಬಲಗೈಯಿಂದ, ಕಾಲಿಂದಲೂ ಬರ್ತೈತೇನು? ದೇವಿ ಆದ್ರ, ರಕ್ತದಾಗಿನ ರೋಗ ಆದ್ರ, ಎಲ್ಲಿ ಬೇಕಲ್ಲಿ ಬರಬೇಕಲ್ಲ, ಲಕ್ವಾ ಹೊಡದ ಕೈಯನ್ನ ಯಾಕ ಹುಡುಕ್ಕೊಂಡು ಬರ್ತೈತಿ? ನನಗ ಅದೊಂದು ಹುಚ್ಚು ಹತ್ತಿತು. ಉಣ್ಣಿ ಹಿಂಜೋ ಕೆಲಸ ಛಲೋ ಕೆಲಸ, ಕೈ ತಾನ ನಡೀತೈತಿ, ಕಣ್ಣು ಬಿಡುವಾಗಿರ್ತೈತಿ. ದಿನಾ ಅಪ್ಪನ ಎದುರಿಗೆ ಕುಂತೆ.

ನೋಡಿದ್ರ ಪ್ರತಿ ಸಲ ಹೆಬ್ಬಟ್ಟು. ತಪ್ಪಿಲ್ಲ. ಹೆಬ್ಬಟ್ಟಿನಿಂದ ಬಟ್ಟಿಗೆ, ಬಟ್ಟಿನಿಂದ ಮಣಿಕಟ್ಟಿಗೆ, ಮೊಣಕೈಗೆ, ಅಲ್ಲಿಂದ ಮಾರಿಗೆ ಜಿಗೀತಿತ್ತು. ಹೆಗಲು ಬಿಟ್ಟು ಮಾರಿಗೆ ಯಾಕ ಜಿಗೀತೈತಿ ಅಂತ ಎಷ್ಟು ವಿಚಾರ ಮಾಡಿದೆ, ತಿಳೀಲಿಲ್ಲ. ಇಲ್ಲ, ಹೆಗಲೂ ಕುಣೀತಿತ್ತು ಅನಸ್ತೈತಿ, ಅಂಗಿ ಒಳಗ ಕಾಣತಿದ್ದಿಲ್ಲ. ಒಮ್ಮೊಮ್ಮೆ ಮಣಿಕಟ್ಟಿನ ತನಕ ಬಂದು ವಾಪಸ್ ಹೋಗ್ತಿತ್ತು, ಅವಾಗ ಅಪ್ಪಗ ಎಚ್ಚರ ಇರ್ತಿತ್ತು, ಮಾತೂ ಆಡ್ತಿದ್ದ. "ಯಪ್ಪಾ, ಹ್ಯಾಂಗ ಆಗ್ತೈತಿ?" ಅಂದ್ರ "ಇರುವಿ ಸಾಲು ಹೊಂಟಾಂಗ ಆಗ್ತೈತಿ. ಮ್ಯಾಲ ಏರಾಕ ಹತ್ಯಾವು. ಅಗಾ, ಇಳದ್ವು" ಅಂತಿದ್ದ. ಅವಗೂ ಹುಚ್ಚು ಹತ್ತಿತು. ಇಬ್ಬರೂ ಕೂಡಿ ಮಳಿ ನೋಡಿದ್ಹಾಂಗ ಕೈ ನೋಡ್ತಿದ್ವಿ. ಒಂದಿನ ಅಪ್ಪ ಅಂದ, "ನೀಲವ್ವಾ, ಹಾವು ಕಡದ್ರ ಏನು ಮಾಡ್ತಾರ? ಮ್ಯಾಲ ಏರಬಾರದು ಅಂತ ಕಟ್ತಾರ. ಇದೂ ಏರತೈತಲ್ಲ, ಕಟ್ಟಿ ನೋಡೂಣು." ಉಣ್ಣಿ ಹುರಿ ತೋಳಿಗೆ ಸಡ್ಲ ಸುತ್ತಿಕೊಂಡು ಕುಂಡ್ರತಿದ್ದ, ಹೆಬ್ಬಟ್ಟು ಕುಣದ ಕೂಡ್ಲೆ "ಎಳಿ!" ಅಂತಿದ್ದ, ನಾ ಎಳದು ಕಟ್ತಿದ್ದೆ. ಒಮ್ಮೆ ಮೊಣಕೈಯಾಗ ನಿಂತು ಬಿಡ್ತು! ಗೆದ್ದೆವು ಅಂತ ಇಬ್ಬರೂ ನಕ್ವಿ. ಮತ್ತೊಮ್ಮೆ ಕಟ್ಟಿದ್ರೂ ಹುರಿ ದಾಟಿ ಹೋತು. ಹುರಿಯಿಂದ ನಿಂತಿತ್ತೋ, ತಾನ ನಿಂತಿತ್ತೋ, ಈಗೂ ನನಗ ಗೊತ್ತಿಲ್ಲ. ನೀವು ಯಾರಿಗೂ ಕಟ್ಟಬ್ಯಾಡ್ರಿ ಮತ್ತ. ಇನ್ನೊಂದು ಕಂಡೆ, ಉಪವಾಸದ ದಿನ ಹೆಚ್ಚು ಬರ್ತಿತ್ತು. ಶುಕ್ರವಾರ ಬಂತಂದ್ರ ಬಂತು. ಅವ್ವಗ ಹೇಳಿದೆ. "ದೇವಿ ವಾರ, ದೇವಿ ಬರ್ತಾಳ" ಅಂದ್ಲು. "ಹಾಂಗಂದ್ರ ಶುಕ್ರವಾರ ಅಪ್ಪಗ ಉಣ್ಣಾಕ ಹಾಕಿ ನೋಡು, ಬರ್ತಾಳೇನು ನೋಡೂಣು" ಅಂದೆ. ಕಪಾಳಕ್ಕ ಒಂದು ಕೊಟ್ಲು. ಆದ್ರ ಮುಂದಿನ ಶುಕ್ರವಾರ ಸುಮ್ಮನ ಒಂದು ಸಜ್ಜಿ ರೊಟ್ಟಿ ಅಪ್ಪನ ಮುಂದ ಇಟ್ಟು, ಆ ಕಡೆ ಮಾರಿ ಮಾಡಿ ನಿಂತ್ಲು. ಅವತ್ತ ಬರಲಿಲ್ಲ. ಅಲ್ಲಿಗೆ ಉಪವಾಸ ನಿಂತ್ವು.

ಆಮ್ಯಾಲ ಅವ್ವನ ಅಂದ್ಲು, ಕೊಪ್ಪಳದ ದವಾಖಾನಿಗೆ ಕರಕೊಂಡು ಹೋಗೂಣು ಅಂತ. ಕಾಕಾ ಬಂಡಿ ಕಟ್ಟಿದ. ಡಾಕ್ಟರ್ ಸಾಹೇಬ್ರು ವಯಸ್ಸಾದವ್ರು, ಉರ್ದು ಬೆರಸಿ ಕನ್ನಡ ಮಾತಾಡ್ತಿದ್ರು. ಅಪ್ಪನ ಕೈ ಎತ್ತಿ ಬಿಟ್ರು, ಕಾಲಿಗೆ ಸಣ್ಣ ಸುತ್ತಿಗಿಲೆ ಬಡದ್ರು, ಮತ್ತ ಕೇಳಿದ್ರು, "ಲಕ್ವಾಕ್ಕಿಂತ ಪಹಲೇ, ಮೊದಲು, ಎಂದರ ಹಿಂಗ ಆಗಿತ್ತೇನು?" "ಇಲ್ರಿ." "ಎಲ್ಲಿಂದ ಶುರು ಆಗ್ತದ?" ಕಾಕಾ, ಅವ್ವ ಮಾರಿ ಮಾರಿ ನೋಡಿಕೊಂಡ್ರು. ನಾ ಬಾಯಿ ಹಾಕಿದೆ. "ಎಡಗೈ ಹೆಬ್ಬಟ್ಟಿನಿಂದರಿ. ಪ್ರತಿ ಸಲರಿ. ಅಲ್ಲಿಂದ ಮಣಿಕಟ್ಟು, ಮೊಣಕೈ, ಮಾರಿ, ಮತ್ತ ಕಣ್ಣು ಎಡಕ್ಕ ತಿರಗ್ತಾವು." ಅವ್ವ ಹಿಂದಿನಿಂದ ಚಿವುಟಿದ್ಲು. ಸಾಹೇಬ್ರು ಕನ್ನಡಕ ತಗದು ನನ್ನ ನೋಡಿದ್ರು. "ಭಾಳ ಛಲೋ ನೋಡೀದಿ" ಅಂದ್ರು. ಮತ್ತ ಅಪ್ಪಗ ಹೇಳಿದ್ರು, "ಇದು ನಿಮ್ಮ ಮನಿತನದ ರೋಗ ಅಲ್ಲ. ಲಕ್ವಾ ಹೊಡದಾಗ ತಲಿಯೊಳಗ ಒಂದು ಜಾಗಾದಾಗ ಗಾಯ ಆಗ್ಯದ. ಗಾಯ ಒಣಗ್ಯದ, ಕಲಿ ಉಳದದ. ಆ ಕಲಿ ಇದ್ದಲ್ಲಿಂದ ಇದು ಏಳ್ತದ. ಆ ಜಾಗಾ ಎಡಗೈ ನಡಸೂ ಜಾಗಾ, ಅದಕ್ಕ ಎಡಗೈ ಮೊದಲು." ಅಪ್ಪ ಕೇಳಿದ, "ಹಾಸಿನ ಎಳಿ ಹರದಲ್ಲಿ ಗಂಟು ಹಾಕಿದ್ರ, ಪ್ರತಿ ಸಲ ಲಾಳಿ ಅಲ್ಲೇ ತಟ್ಟತೈತಿ, ಹಾಂಗೇನ್ರಿ ಸಾಹೇಬ್ರ?" "ಹಾಂ. ಬಿಲ್ಕುಲ್ ಹಾಂಗ." "ಹಾಂಗಾದ್ರ ಗಂಟು ನನ್ನದು, ಮಗಳದಲ್ಲ?" "ಮಗಳದಲ್ಲ." ಅಪ್ಪ ಅದನ್ನ ಮತ್ತೊಮ್ಮೆ ಹೇಳಿಸಿಕೊಂಡ. ಒಂದು ಸೀಸಾದಾಗ ಔಷಧ ಕೊಟ್ರು, ಉಪ್ಪು ಉಪ್ಪು ಅದು. ಬಿದ್ದಾಗ ಮಗ್ಗಲಾಗಿ ಮಲಗಸ್ರಿ, ಬಾಯಾಗ ಕೈಯಾಗ ಏನೂ ತುರಕಬ್ಯಾಡ್ರಿ, ಗಟ್ಟಿ ಹಿಡಿಯಬ್ಯಾಡ್ರಿ, ಕಟ್ಟೂದೂ ಬ್ಯಾಡ ಅಂದ್ರು. ಲಡಾಯಿ ಕಾಲ, ಔಷಧ ಸಿಕ್ಕಷ್ಟು ದಿನ ಕೊಡ್ತೀನಿ, ಪೂರ್ತಿ ನಿಲ್ತದ ಅಂತ ಹೇಳಾಂಗಿಲ್ಲ ಅಂತನೂ ಹೇಳಿದ್ರು.

ಔಷಧದಿಂದ ಕಡಿಮಿ ಆತು, ನಿಲ್ಲಲಿಲ್ಲ. ಅಷ್ಟರಾಗ ಬೀಗರು ಹೇಳಿ ಕಳಿಸಿದ್ರು, ಬರ್ತೀವಿ, ನೋಡಿ ಮಾತಾಡೂದು ಐತಿ ಅಂತ. ಮಾತಾಡೂದು ಏನು ಐತಿ, ಎಲ್ಲಾರಿಗೂ ಗೊತ್ತಿತ್ತು. ಕಾಕಾ ಓಡಿ ಬಂದ. "ಯಣ್ಣಾ, ಅವರು ಬರೂ ದಿನ ನೀ ನಮ್ಮ ಹಟ್ಟ್ಯಾಗ ಇರು. ಅವರಿಗೆ ಹೇಳ್ತೀನಿ, ಹರಕಿ ತೀರಸಾಕ ಹುಲಿಗಿಗೆ ಹೋಗ್ಯಾನ ಅಂತ." ಅಪ್ಪ ಅಂದ, "ಹುಚ್ಚಾ, ಅವರು ಬರೂದ ಹುಲಿಗಿ ಕಡೆಯಿಂದ. ದಾರ್ಯಾಗ ನನ್ನ ಕಾಣಲಿಲ್ಲ ಅಂದ್ರ ಏನಂತೀ, ಹಾರಿಕೊಂಡು ಹೋದ ಅಂತೀಯೇನು?" ಅವ್ವ ಅಂದ್ಲು, "ಮತ್ತ ಅವರ ಮುಂದ ಬಂದ್ರ?" ಅಪ್ಪ ಎಡಗೈ ತಿಕ್ಕೊಂಡ. ಅವಗೂ ಅಂಜಿಕಿ ಇತ್ತು, ಇಲ್ಲ ಅಂತಲ್ಲ. "ಬಂದ್ರ ಬರಲಿ. ಕೇಳಿದ್ದಕ್ಕಿಂತ ಕಂಡಿದ್ದು ಸಣ್ಣದಿರ್ತೈತಿ" ಅಂದ.

ಬಂದ್ರು. ನನ್ನ ಮಾವನಾಗೂ ಹಿರಿಯಾ, ಅತ್ತಿಯಾಗೂ ಹಿರೇಮನಷಿ. ನಿಮ್ಮಜ್ಜ ಬರಲಿಲ್ಲ, ಅವಾಗ ಗಂಡು ಬರೂ ಪದ್ಧತಿ ಇರಲಿಲ್ಲ. ಪಡಸಾಲ್ಯಾಗ ಕಂಬಳಿ ಹಾಸಿದ್ವಿ, ಬೆಲ್ಲ ನೀರು ಕೊಟ್ವಿ. ಮಾವ ಮಳಿ ಮಾತಾಡಿದ, ಕುರಿ ಮಾತಾಡಿದ, ಲೆವಿ ಮಾತಾಡಿದ, ಆ ಮಾತಿಗೆ ಮಾತ್ರ ಬರವಲ್ಲ. ಅತ್ತಿಯಾಗಾಕಿನ ಸುರು ಮಾಡಿದ್ಲು. "ಬೀಗರ, ತಪ್ಪು ತಿಳಕೋಬ್ಯಾಡ್ರಿ. ಮಂದಿ ಒಂದು ಮಾತು ಅಂತಾರ. ನಿಮ್ಮ ಅಪ್ಪಗ, ಅಜ್ಜಗ, ಯಾರಿಗರ ಹಿಂಗ ಇತ್ತೇನ್ರಿ?" ಅಪ್ಪ "ಇಲ್ರಿ ಬೀಗರ. ಇದು ಲಕ್ವಾ ಹೊಡದ ಮ್ಯಾಲ" ಅಂದ. ಮಾವ ಕೆಮ್ಮಿದ. "ಎಲ್ಲಾರೂ ಹಾಂಗ ಅಂತಾರ" ಅಂತ ಸಣ್ಣಗ ಅಂದ. ಕೇಳಿಸ್ತು ಎಲ್ಲಾರಿಗೂ. ಅಪ್ಪನ ಮಾರಿ ಕೆಂಪಾತು. ಅದಾ ಹೊತ್ತಿಗೆ ನಾ ನೋಡಿದೆ, ತೊಡಿ ಮ್ಯಾಲ ಇದ್ದ ಹೆಬ್ಬಟ್ಟು.

ಅಪ್ಪನೂ ನೋಡಿದ. ನನ್ನ ಮಾರಿ ನೋಡಿದ. ಮತ್ತ, ಮನಿಗೆ ಬಂದವರಿಗೆ ಊಟಕ್ಕ ಏಳ್ರಿ ಅಂದ್ಹಾಂಗ, ಅಷ್ಟು ಸಾವಕಾಶ ಅಂದ, "ಬೀಗರ, ನಮ್ಮ ಮನಿಅಳಿಯ ಎದ್ದಾನ. ನಾ ಈಗ ಒಂದಿಷ್ಟು ಹೊತ್ತು ಇಲ್ಲಿ ಇರಾಂಗಿಲ್ಲ. ಗಾಬರಿ ಆಗಬ್ಯಾಡ್ರಿ. ಎಲ್ಲಿಂದ ಸುರು ಆಗ್ತೈತಿ, ನಮ್ಮ ನೀಲವ್ವ ತೋರಸ್ತಾಳ, ನೋಡ್ರಿ." ಹೇಳಿ ತಾನ ಮಗ್ಗಲಾಗಿ ಅಡ್ಡಾದ. ನಾ ಓಡಿ ಹೋಗಿ ತಲಿ ಕೆಳಗ ಉಣ್ಣಿ ಗಂಟು ಇಟ್ಟೆ. ನಾಚಿಕಿ ಬಿಟ್ಟು ಹೇಳಾಕ ಹತ್ತಿದೆ, "ನೋಡ್ರಿ ಅತ್ತಿ, ಹೆಬ್ಬಟ್ಟು. ಬಲಗೈ ನೋಡ್ರಿ, ಸುಮ್ಮನ ಐತಿ. ಈಗ ಬಟ್ಟು. ಈಗ ಮಣಿಕಟ್ಟಿಗೆ ಬಂತು ನೋಡ್ರಿ." ಅವ್ವ "ಬಾಯಿ ಮುಚ್ಚ ನಿನ್ನ, ಹೆಣ್ಣು ಕೂಸು ನೀನು" ಅಂದ್ಲು. ಮಾವ ಎದ್ದು ನಿಂತು ಉಡದಾರದಾಗಿನ ಕೀಲಿಕೈ ಬಿಚ್ಚಾಕ ಹತ್ತಿದ. ಅತ್ತಿಯಾಗಾಕಿ ಅವನ ಧೋತರ ಹಿಡದು ಜಗ್ಗಿ ಕುಂಡ್ರಿಸಿದ್ಲು. "ಕೀಲಿಕೈ ಇಟ್ಟಕೋರಿ ನಿಮ್ಮ ಹತ್ರನ. ಹುಡುಗಿ ತೋರಸಾಕ ಹತ್ಯಾಳ, ನೋಡೂಣು ಸುಮ್ಮನಿರ್ರಿ." ಮುಂದ ಬಗ್ಗಿ ಕುಂತ್ಲು. "ಈಗ ಮೊಣಕೈ" ಅಂದೆ. "ಹೂಂ, ಮೊಣಕೈ" ಅಂದ್ಲು. "ಈಗ ತುಟಿಗೆ ಬರ್ತೈತಿ." "ಬಂತು. ಎಡಕ್ಕ." "ಈಗ ಕಣ್ಣು." "ಅವೂ ಎಡಕ್ಕ." ಆಮ್ಯಾಲ ಪೂರ್ತಿ ಮೈ ಬಡೀತು, ಯಾರೂ ಹಿಡೀಲಿಲ್ಲ, ಏನೂ ತುರುಕಲಿಲ್ಲ, ತಾನ ನಿಂತಿತು. ಅತ್ತಿಯಾಗಾಕಿ ತನ್ನ ಸೆರಗಿಲೆ ಅಪ್ಪನ ಬಾಯಿ ಒರಸಿದ್ಲು. ಬೀಗರ ಬಾಯಿ, ಗೊತ್ತನು? ಅವ್ವ ಅದನ್ನ ಕಂಡು ಕಂಬಕ್ಕ ಆತು ನಿಂತ್ಲು.

ಅಪ್ಪ ಎಚ್ಚರಾಗಿ ಮೊದಲನೇ ಮಾತು ಕೇಳಿದ, "ಬೀಗರು ಹೋದ್ರೇನು?" ಅತ್ತಿಯಾಗಾಕಿ ಅಂದ್ಲು, "ಎಲ್ಲಿ ಹೋಗೂಣು? ಇಲ್ಲೇ ಅದೀವಿ. ನಿಮ್ಮ ಮನಿಅಳಿಯನ್ನ ನೋಡಿದ್ವಿ ಬೀಗರ. ಅವನಕಿಂತ ನಮ್ಮ ಹುಡುಗ ಛಲೋ ದುಡೀತಾನ. ಅವನ್ನ ಮಾಡಿಕೊಳ್ರಿ." ಅಪ್ಪ ಮೊದಲು ನಕ್ಕ. ಆಮ್ಯಾಲ ಬಲಗೈ ಮಾರಿಗೆ ಮುಚ್ಚಿಕೊಂಡ. ಮಾವ ಮಾತ್ರ ಪೂರ್ತಿ ಒಪ್ಪಲಿಲ್ಲ, ಒಂದು ಶರತು ಹಾಕಿದ. ಗದ್ದಿಗಿ ಕಂಬಳಿ ಸಂತಿಯಿಂದ ತಂದಿದ್ದು ನಡಿಯಾಂಗಿಲ್ಲ, ಬೀಗರ ಮಗ್ಗದ್ದಾ ಬೇಕು, ಸುರು ಮಾಡಿದ್ದನ್ನ ಮುಗಸಾಕ ಬರ್ತೈತಿ ಅನ್ನೂದು ಮಂದಿಗೆ ಕಾಣಬೇಕು ಅಂದ.

ಬರ್ತೈತಿ ಅಂದ್ರ ಹ್ಯಾಂಗ ಬರ್ತೈತಿ? ಕೈ ಒಂದ. ಮತ್ತ ಕುಣ್ಯಾಗ ಅಪ್ಪನ್ನ ಇಳಸಾಕ ಅವ್ವ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಕಾಕಾ ನೇಯ್ತೀನಿ ಅಂದ, ಅವನ ಕೈ ಕುರಿ ಕೈ, ಮಗ್ಗದ ಕೈ ಅಲ್ಲ, ಒಂದ ದಿನದಾಗ ಬಿಟ್ಟು ಎದ್ದ. ಕಡೀಕ ಹರದ ಎಳಿ ಎಲ್ಲಾ ಗಂಟು ಹಾಕಿ, ಅಪ್ಪನ್ನ ಮಗ್ಗದ ಬಲಗಡೆ ನೆಲದ ಮ್ಯಾಲ ಗ್ವಾಡಿಗೆ ಆನಿಸಿ ಕುಂಡ್ರಿಸಿದ್ವಿ. ಕುಣ್ಯಾಗ ಯಾರು? ಅವ್ವ ನನ್ನ ನೋಡಿದ್ಲು. ನಾ ಅವ್ವನ್ನ ನೋಡಿದೆ. "ಇಳಿ" ಅಂದ್ಲು. ಅಷ್ಟ ಅಂದ್ಲು. ಅಪ್ಪ ಬಲಗೈಲೆ ಲಾಳಿ ಒಗೀತಿದ್ದ, ನಾ ಎಡಗೈಲೆ ಹಿಡದು, ವಾಪಸ್ ಒಗದು, ಹಲಗಿಲೆ ಬಡೀತಿದ್ದೆ. "ಗಟ್ಟಿ ಬಡಿ, ಗಟ್ಟಿ ಬಡಿ, ರೊಟ್ಟಿ ಬಡಿದ್ಹಾಂಗ ಬಡೀಬ್ಯಾಡ!" ಅಂತ ಬೈತಿದ್ದ. ನಡುವ ಹೆಬ್ಬಟ್ಟು ಕುಣದ್ರ ನಿಲ್ಲಸ್ತಿದ್ವಿ, ಹೋದ ಮ್ಯಾಲ ಮತ್ತ ಸುರು. ಕಂಬಳಿಯ ಒಂದು ಅಂಚು ಅಪ್ಪನ ಕಡೆದು, ಗೆರಿ ಹೊಡದ್ಹಾಂಗ ಇತ್ತು. ಇನ್ನೊಂದು ನನ್ನ ಕಡೆದು, ಹಾವು ಹರದ್ಹಾಂಗ. ಗದ್ದಿಗಿ ಹಾಸಿದಾಗ ಎಲ್ಲಾರೂ ಅದನ್ನ ನೋಡಿದ್ರು. ನಿಮ್ಮಜ್ಜ ಸಾಯೂತನಕ ಆ ಅಂಚು ತಗದು ನನಗ ಆಡಿಕೊಂಡ. ಆ ಕಂಬಳಿ ಈಗಿಲ್ಲ, ಹುಳ ತಿಂತು. ಅಪ್ಪ ಆಮ್ಯಾಲ ಭಾಳ ವರ್ಷ ಇದ್ದ. ಔಷಧ ಒಮ್ಮೆ ಸಿಗ್ತಿತ್ತು, ಒಮ್ಮೆ ಸಿಗ್ತಿದ್ದಿಲ್ಲ, ಅಳಿಯ ಆಗಾಗ ಏಳ್ತಿದ್ದ, ಮಲಗ್ತಿದ್ದ. ಒಮ್ಮೆ ನಾ ಬಾಣಂತನಕ್ಕ ತವರಿಗೆ ಹೋದಾಗ ಕೂಸಿನ್ನ ಆ ಕೈ ಮ್ಯಾಲನ ಮಲಗಿಸಿದ್ದ, "ಕುಂತು ಉಂಡಾಂವ ಇದನ್ನರ ಮಾಡಲಿ" ಅಂತ. ಆ ಕೂಸು ಯಾರು ಅಂದೀರಿ? ನಿಮ್ಮಪ್ಪ. ನಮ್ಮ ಮನ್ಯಾಗ ಇವತ್ತಿನ ತನಕ ಯಾರಿಗೂ ಅದು ಬಂದಿಲ್ಲ. ಬಂದಿದ್ರೂ ಏನಾಗ್ತಿತ್ತು, ಆ ಮಾತು ಬ್ಯಾರೆ.

ಇಷ್ಟ ನೋಡ್ರಿ. ಮನಿಗೆ ಏನರ ಬಂದ್ರ ಯಾರು ಕಳಿಸ್ಯಾರ ಅಂತ ಹುಡುಕಾಕ ಹೋಗಬ್ಯಾಡ್ರಿ, ಮುಚ್ಚಿ ಇಡಾಕೂ ಹೋಗಬ್ಯಾಡ್ರಿ, ಎಲ್ಲಿಂದ ಸುರು ಆತು ಅಂತ ಹತ್ರ ಕುಂತು ನೋಡ್ರಿ. ಏಳ್ರಿ ಈಗ, ಶೇಂಗಾ ಸಿಪ್ಪಿ ಬಳೀರಿ.